ಸೀಸದ ರೈಫಲ್ ಗುಂಡು: ಎರಕ, ಮೇಣ ಮತ್ತು ಪುಡಿಲೇಪ

ಸೀಸವನ್ನು ಅಥವಾ ಸೀಸದ ಮಿಶ್ರಲೋಹವನ್ನು ಕರಗಿಸಿ, ಲೋಹದ ಅಚ್ಚಿಗೆ ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸಿ ತೆಗೆದ ಗುಂಡೇ ಎರಕದ ಗುಂಡು. ಬಂದೂಕು ಬಳಕೆಗೆ ಬಂದಾಗಿನಿಂದ 1880ರ ದಶಕದವರೆಗೆ ಸೈನಿಕರೂ ಬೇಟೆಗಾರರೂ ಹಾರಿಸಿದ್ದು ಬಹುಮಟ್ಟಿಗೆ ಇದನ್ನೇ. ತಾಮ್ರದ ಕವಚದ ಗುಂಡು ಬಂದ ಮೇಲೆ ಸೈನ್ಯಗಳು ಇದನ್ನು ಕೈಬಿಟ್ಟವು. ಆದರೂ ಅಮೆರಿಕ, ಕೆನಡಾ, ಆಸ್ಟ್ರೇಲಿಯದಂಥ ದೇಶಗಳಲ್ಲಿ ಗುರಿಗಾರಿಕೆಯ ಹವ್ಯಾಸಿಗಳು ಇಂದಿಗೂ ಮನೆಯ ಶೆಡ್ಡಿನಲ್ಲಿ ಸೀಸ ಕಾಯಿಸಿ ತಮ್ಮ ಗುಂಡನ್ನು ತಾವೇ ಎರೆದುಕೊಳ್ಳುತ್ತಾರೆ. ಖರ್ಚು ಕಡಿಮೆಯಾಗುತ್ತದೆ ಎಂಬುದು ಒಂದು ಕಾರಣ. ಅಂಗಡಿಯಲ್ಲಿ ಸುಲಭವಾಗಿ ಗುಂಡು ಸಿಗದ ಹಳೆಯ ರೈಫಲ್‌ಗಳಿಗೆ ಇದೇ ಗತಿ ಎಂಬುದು ಇನ್ನೊಂದು.

ಸೀಸ ಮೆದು ಲೋಹ. ಉಕ್ಕಿನ ನಳಿಗೆಯೊಳಗೆ ಬರಿಮೈಯಲ್ಲಿ ಓಡಿದರೆ ಉಜ್ಜಿ ಸವೆದು ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ನಾಲ್ಕು ಈಡು ಹೊಡೆಯುವಷ್ಟರಲ್ಲಿ ಗುರಿ ಕೆಡುತ್ತದೆ. ಹಾಗಾಗಿ ಸೀಸಕ್ಕೂ ಉಕ್ಕಿಗೂ ನಡುವೆ ಏನಾದರೊಂದನ್ನು ಇಡಬೇಕು. ಎಣ್ಣೆಬಟ್ಟೆ, ಕಾಗದ, ಪ್ರಾಣಿಯ ಕೊಬ್ಬು, ಜೇನುಮೇಣ, ಕಡೆಗೆ ಒಲೆಯಲ್ಲಿ ಬೇಯಿಸಿದ ಪ್ಲಾಸ್ಟಿಕ್ ಪುಡಿ, ಇವೆಲ್ಲ ಆ ಜಾಗಕ್ಕೆ ಬಂದಿವೆ. ಮೇಣ ಮೇಲೋ ಪುಡಿ ಮೇಲೋ ಎಂಬ ಚರ್ಚೆ ಎರಕದವರ ನಡುವೆ ಈಗ ಬಿಸಿಯಾಗಿದೆ. ಆದರೆ ಗುಂಡಿನ ಅಳತೆ ನಳಿಗೆಗೆ ಸರಿಯಾಗಿ ಕೂರುತ್ತದೆಯೇ ಎಂಬುದು ಅದಕ್ಕೂ ಮೊದಲಿನ ಪ್ರಶ್ನೆ. ಅಳತೆ ತಪ್ಪಿದ ಗುಂಡನ್ನು ಮೇಣವೂ ಉಳಿಸದು, ಪುಡಿಯೂ ಉಳಿಸದು.

ಇತಿಹಾಸ

ಕವಣೆಯಲ್ಲಿ ಬೀಸಿ ಎಸೆಯಲು ಗ್ರೀಕರೂ ರೋಮನ್ನರೂ ಸೀಸದ ಗುಂಡು ಎರೆಯುತ್ತಿದ್ದರು. ಕೋವಿಯ ಕಾಲ ಬಂದಾಗಲೂ ಸೀಸವೇ ಉಳಿಯಿತು. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ಕರಗಲು 327.5 ಡಿಗ್ರಿ ಸೆಲ್ಸಿಯಸ್ ಸಾಕು. ತೂಕವಿದ್ದೂ ಸೌದೆ ಒಲೆಯ ಮೇಲೆಯೇ ಕರಗುವ ಅಗ್ಗದ ಲೋಹ ಬೇರೊಂದಿಲ್ಲ.

ನುಣುಪು ನಳಿಗೆಯ ಮಸ್ಕೆಟ್ಟಿಗೆ ದುಂಡನೆಯ, ಸ್ವಲ್ಪ ಸಡಿಲವಾದ ಗುಂಡು ನಡೆಯುತ್ತಿತ್ತು. ನಳಿಗೆಯೊಳಗೆ ಸುರುಳಿ ಗೀರು ಕೊರೆದ ರೈಫಲ್‌ನಲ್ಲಿ ಗುಂಡು ಆ ಗೀರನ್ನು ಹಿಡಿದು ತಿರುಗಬೇಕು, ಆದ್ದರಿಂದ ಬಿಗಿಯಾಗಿರಬೇಕು. 1800ರಲ್ಲಿ ಬ್ರಿಟಿಷ್ ಸೈನ್ಯ ತೆಗೆದುಕೊಂಡ ಬೇಕರ್ ರೈಫಲ್‌ಗೆ ಗುಂಡನ್ನು ಜಿಡ್ಡು ಸವರಿದ ಚರ್ಮದಲ್ಲಿ ಅಥವಾ ಬಟ್ಟೆಯಲ್ಲಿ ಸುತ್ತಿ ನಳಿಗೆಯ ಬಾಯಿಯಿಂದ ಗಿಡಿಯುತ್ತಿದ್ದರು. ಗುರಿ ಚೆನ್ನಾಗಿತ್ತು, ತುಂಬುವುದು ಮಾತ್ರ ಬಲು ನಿಧಾನ.

ಈ ತೊಡಕನ್ನು ಬಿಡಿಸಿದವನು ಫ್ರಾನ್ಸಿನ ಸೇನಾಧಿಕಾರಿ ಕ್ಲಾಡ್ ಎಟಿಯೆನ್ ಮಿನಿಯೆ. 1840ರ ದಶಕದ ಕೊನೆಯಲ್ಲಿ ಅವನು ರೂಪಿಸಿದ ಗುಂಡು ಉದ್ದನೆಯದು, ಬುಡದಲ್ಲಿ ಟೊಳ್ಳು. ಸಡಿಲವಾಗಿ ಒಳಗಿಳಿಯುತ್ತಿತ್ತು. ಮದ್ದು ಹೊತ್ತಿದಾಗ ಅನಿಲದ ಒತ್ತಡಕ್ಕೆ ಬುಡ ಅರಳಿ ಗೀರುಗಳಿಗೆ ಕಚ್ಚಿಕೊಳ್ಳುತ್ತಿತ್ತು. ಟೊಳ್ಳಿನೊಳಗೆ ಮಿನಿಯೆ ಇಡುತ್ತಿದ್ದ ಕಬ್ಬಿಣದ ಬಟ್ಟಲು ಬೇಕಿಲ್ಲವೆಂದು ಅಮೆರಿಕದ ಜೇಮ್ಸ್ ಬರ್ಟನ್ ತೋರಿಸಿದ. ಬ್ರಿಟಿಷರ 1853ರ ಎನ್‌ಫೀಲ್ಡ್ ರೈಫಲ್‌ನ ತೋಟಾ ಈ ವಂಶದ್ದೇ. ಕಾಗದದ ಕೊಳವೆಯಲ್ಲಿ ಮದ್ದು ಮತ್ತು ಗುಂಡು ಎರಡೂ ಇರುತ್ತಿದ್ದವು. ಸಿಪಾಯಿ ಕಾಗದವನ್ನು ಹಲ್ಲಿನಿಂದ ಹರಿದು ಮದ್ದು ಸುರಿಯಬೇಕು, ಗುಂಡನ್ನು ಸುತ್ತಿದ ಕಾಗದದ ಸಮೇತ ಒಳಗೆ ದೂಡಬೇಕು. ಆ ಕಾಗದದ ಹೊರಮೈಗೆ ಜಿಡ್ಡು ಹಚ್ಚಿರುತ್ತಿತ್ತು.

ಆ ಜಿಡ್ಡು ಏನು ಮಾಡಿತೆಂಬುದು ನಮ್ಮ ದೇಶದ ಚರಿತ್ರೆಯ ಭಾಗ. ಗುತ್ತಿಗೆದಾರ ಒದಗಿಸಿದ ಕೊಬ್ಬು ಯಾವ ಪ್ರಾಣಿಯದೆಂದು ವಿಚಾರಿಸುವ ಗೋಜಿಗೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಹೋಗಿರಲಿಲ್ಲ. ಹಸುವಿನ ಮತ್ತು ಹಂದಿಯ ಕೊಬ್ಬು ಎಂಬ ಸುದ್ದಿ 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್‌ನಿಂದ ಹಬ್ಬಿತು. ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಹಚ್ಚಿಕೊಳ್ಳಲಿ ಎಂದು ಸರ್ಕಾರ ಹೇಳುವ ಹೊತ್ತಿಗೆ ನಂಬಿಕೆ ಹೋಗಿತ್ತು. ಏಪ್ರಿಲ್ 24ರಂದು ಮೀರತ್‌ನಲ್ಲಿ ಮೂರನೆಯ ಲಘು ಅಶ್ವದಳದ 85 ಜನ ತೋಟಾ ಮುಟ್ಟಲು ಒಪ್ಪಲಿಲ್ಲ. ಅವರ ಕಾಲಿಗೆ ಬೇಡಿ ಬಿದ್ದ ಮರುದಿನ, ಮೇ 10ರಂದು, ದಂಗೆ ಸಿಡಿಯಿತು. ಅದೇ ವರ್ಷ ಬ್ರಿಟಿಷರು ಹೊರಡಿಸಿದ ನಿಶ್ಶಸ್ತ್ರೀಕರಣ ಕಾಯ್ದೆಗೆ ಮಣಿಯದೆ ನವೆಂಬರಿನಲ್ಲಿ ಸೆಣಸಿದವರು ಮುಧೋಳ ಸೀಮೆಯ ಹಲಗಲಿಯ ಬೇಡರು. ಲಾವಣಿಯ ಮೂಲಕ ಆ ಕಥೆ ಕನ್ನಡಿಗರಿಗೆ ಗೊತ್ತಿದೆ. ದಂಗೆಯ ಕಾರಣಗಳು ಹಲವು ಮತ್ತು ಆಳವಾದವು. ಆದರೆ ಗುಂಡಿಗೆ ಏನು ಸವರಬೇಕು ಎಂಬ ಪ್ರಶ್ನೆ ಒಂದು ಸಾಮ್ರಾಜ್ಯವನ್ನು ನಡುಗಿಸಿದ್ದು ಅದೊಂದೇ ಸಲ.

ಹೊಗೆರಹಿತ ಮದ್ದು ಎಲ್ಲವನ್ನೂ ಬದಲಿಸಿತು. ಫ್ರಾನ್ಸಿನ ಪಾಲ್ ವಿಯೆ 1884ರಲ್ಲಿ ಅದನ್ನು ತಯಾರಿಸಿದ. 1886ರ ಲೆಬೆಲ್ ರೈಫಲ್ ಗುಂಡನ್ನು ಸೆಕೆಂಡಿಗೆ 600 ಮೀಟರಿಗೂ ಮಿಕ್ಕಿದ ವೇಗದಲ್ಲಿ ಹಾರಿಸಿತು. ಹಳೆಯ ಕಪ್ಪು ಮದ್ದಿನ ಮಾರ್ಟಿನಿ ಹೆನ್ರಿ ರೈಫಲ್‌ನ ವೇಗ ಸುಮಾರು 400 ಮೀಟರ್. ಹೊಸ ವೇಗಕ್ಕೂ ಒತ್ತಡಕ್ಕೂ ಬರಿಯ ಸೀಸ ತಾಳಲಿಲ್ಲ. ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ 1882ರಲ್ಲೇ ರೂಪಿಸಿದ್ದ ತಾಮ್ರ ಕವಚದ ಗುಂಡು ಆಗ ಎಲ್ಲ ಸೈನ್ಯಗಳಿಗೂ ಬೇಕಾಯಿತು. ಕವಚದ ತುದಿ ತೆರೆದು ಸೀಸ ಕಾಣುವಂತೆ ಬಿಟ್ಟ ಗುಂಡನ್ನು 1890ರ ದಶಕದಲ್ಲಿ ಮಾಡಿದ್ದು ಅದೇ ದಮ್‌ದಮ್‌ನ ಕಾರ್ಖಾನೆ. ದೇಹದೊಳಗೆ ಅರಳಿ ಭೀಕರ ಗಾಯ ಮಾಡುವ ಇಂಥ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು 1899ರ ಹೇಗ್ ಘೋಷಣೆ ತೀರ್ಮಾನಿಸಿತು.

ಎರಕದ ಗುಂಡು ಅಲ್ಲಿಂದ ಹವ್ಯಾಸಿಗಳ ಸೊತ್ತಾಯಿತು. ಅದಕ್ಕೂ ಮೊದಲೇ, 1874ರಲ್ಲಿ, ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ ಐರಿಷ್ ತಂಡವನ್ನು 934ಕ್ಕೆ 931 ಅಂಕಗಳಿಂದ ಸೋಲಿಸಿದ ಅಮೆರಿಕನ್ನರು ಸೀಸದ ಗುಂಡಿಗೆ ಕಾಗದ ಸುತ್ತಿ 1000 ಗಜದವರೆಗೆ ಗುರಿ ಹೊಡೆದಿದ್ದರು. ಜರ್ಮನ್ ವಲಸಿಗರ ಗುರಿ ಸಂಘಗಳು ಆ ಕುಶಲತೆಯನ್ನು ಇನ್ನಷ್ಟು ನಯಗೊಳಿಸಿದವು. ಕನೆಕ್ಟಿಕಟ್‌ನ ಐಡಿಯಲ್ ಕಂಪನಿ ಅಚ್ಚುಗಳನ್ನು ಮಾರುತ್ತಿತ್ತು. ಗುಂಡಿನ ಬುಡಕ್ಕೆ ತೊಡಿಸುವ ಪುಟ್ಟ ತಾಮ್ರದ ಬಟ್ಟಲು, ಅಂದರೆ ಗ್ಯಾಸ್ ಚೆಕ್, ಬಳಕೆಗೆ ಬಂದದ್ದು ಅದರ ಒಡೆಯ ಜಾನ್ ಬಾರ್ಲೋನಿಂದ. ಬಿಸಿ ಅನಿಲ ಬುಡದ ಅಂಚನ್ನು ಕೊರೆಯದಂತೆ ಅದು ಕಾಯುತ್ತದೆ. 1925ರಲ್ಲಿ ಐಡಿಯಲ್ ಕಂಪನಿಯನ್ನು ಲೈಮನ್ ಕೊಂಡುಕೊಂಡಿತು. ಆ ಹೆಸರಿನ ಅಚ್ಚುಗಳು ಈಗಲೂ ಬರುತ್ತಿವೆ.

ಲೋಹ

ಶುದ್ಧ ಸೀಸದ ಮೇಲೆ ಉಗುರಿನಿಂದಲೇ ಗೆರೆ ಎಳೆಯಬಹುದು. ಬ್ರಿನೆಲ್ ಮಾಪನದಲ್ಲಿ ಅದರ ಗಡಸುತನ ಸುಮಾರು 5. ಕಪ್ಪು ಮದ್ದಿನ ಕೋವಿಗಳಿಗೆ ಅದು ಸಾಕು. ಹೊಗೆರಹಿತ ಮದ್ದಿಗೆ ಎರಡು ಲೋಹಗಳನ್ನು ಬೆರೆಸುತ್ತಾರೆ. ಆಂಟಿಮನಿ ಗಡಸು ಕೊಡುತ್ತದೆ. ತವರ ಕರಗಿದ ಲೋಹದ ಮೇಲ್ಮೈ ಎಳೆತವನ್ನು ತಗ್ಗಿಸಿ, ಅಚ್ಚಿನ ಮೂಲೆಮೂಲೆಗೂ ಹರಿಯುವಂತೆ ಮಾಡುತ್ತದೆ. ತವರ ದುಬಾರಿ, ನೂರಕ್ಕೆ ಎರಡು ಪಾಲಿನ ಆಚೆಗೆ ಹಾಕಿದರೆ ಎರಕಕ್ಕೆ ಹೆಚ್ಚಿನ ಲಾಭವಿಲ್ಲವೆಂದು ಅನುಭವಿಗಳು ಹೇಳುತ್ತಾರೆ. ಸೀಸ 90, ತವರ 5, ಆಂಟಿಮನಿ 5 ಪಾಲಿನ ಮಿಶ್ರಣ ಲೈಮನ್ ನಂ. 2 ಎಂದು ಹೆಸರಾಗಿದೆ. ಅದರ ಗಡಸು 15ರ ಆಸುಪಾಸು.

ಅಮೆರಿಕದ ಎರಕದವರಿಗೆ ಬಹುಕಾಲ ಎರಡು ಕಡೆಯಿಂದ ಗುಜರಿ ಲೋಹ ಸಿಗುತ್ತಿತ್ತು. ಒಂದು, ವಾಹನದ ಚಕ್ರದ ಸಮತೋಲಕ್ಕೆ ರಿಮ್ಮಿಗೆ ಸಿಕ್ಕಿಸುವ ಸೀಸದ ತುಂಡುಗಳು. ಇನ್ನೊಂದು, ಮುದ್ರಣಾಲಯದ ಲಿನೋಟೈಪ್ ಲೋಹ: ಸೀಸ 84, ಆಂಟಿಮನಿ 12, ತವರ 4 ಪಾಲು, ಗಡಸು 22ರ ಹತ್ತಿರ. ಪತ್ರಿಕೆಗಳು ಆಫ್‌ಸೆಟ್ ಮುದ್ರಣಕ್ಕೆ ಹೊರಳಿದಾಗ ಆ ಲೋಹ ರಾಶಿರಾಶಿಯಾಗಿ ಹೊರಬಿತ್ತು. ಕನ್ನಡದ ಹಳೆಯ ಪ್ರೆಸ್ಸುಗಳಲ್ಲಿ ಕಂಪೋಸಿಟರುಗಳು ಒಂದೊಂದಾಗಿ ಜೋಡಿಸುತ್ತಿದ್ದ ಅಚ್ಚುಮೊಳೆಗಳೂ ಇದೇ ಮೂರು ಲೋಹಗಳ ಮಿಶ್ರಣದ್ದು. ಅಕ್ಷರದ ಒತ್ತು, ಕೊಂಬು, ತಲೆಕಟ್ಟು ಮೊನಚಾಗಿ ಮೂಡಲು ಯಾವ ಗುಣ ಬೇಕೋ, ಗುಂಡಿನ ಗಾಡಿಗಳ, ಅಂದರೆ ಸುತ್ತ ಕೊರೆದ ತೋಡುಗಳ, ಅಂಚು ನೇರವಾಗಿ ನಿಲ್ಲಲೂ ಅದೇ ಬೇಕು: ಆರುವಾಗ ಹೆಚ್ಚು ಕುಗ್ಗಬಾರದು. ಈಗ ಎರಡೂ ಮೂಲಗಳು ಬತ್ತುತ್ತಿವೆ. ಯುರೋಪಿನ ಒಕ್ಕೂಟ ಚಕ್ರದ ಸೀಸದ ತೂಕಗಳನ್ನು ಎರಡು ದಶಕಗಳ ಹಿಂದೆಯೇ ನಿಷೇಧಿಸಿತು, ಕ್ಯಾಲಿಫೋರ್ನಿಯದಂಥ ರಾಜ್ಯಗಳೂ ಹಿಂಬಾಲಿಸಿದವು. ಅವುಗಳ ಬದಲಿಗೆ ಬಂದ ಸತುವಿನ ತುಂಡುಗಳು ಎರಕದವರಿಗೆ ತಲೆನೋವು. ಸತು 419 ಡಿಗ್ರಿಗೆ ಕರಗುತ್ತದೆ; ಪಾತ್ರೆ ಅತಿಯಾಗಿ ಕಾದಾಗ ನಾಲ್ಕಾರು ತುಂಡು ಸೀಸದೊಳಗೆ ಬೆರೆತರೆ ಇಡೀ ಮಿಶ್ರಣ ಗಂಜಿಗಟ್ಟಿ ಅಚ್ಚಿನಲ್ಲಿ ತುಂಬದಾಗುತ್ತದೆ.

ಗಡಸಾದಷ್ಟೂ ಒಳ್ಳೆಯದು ಎಂಬುದು ಹೊಸಬರ ನಂಬಿಕೆ. ಅದು ಸರಿಯಲ್ಲ. ಒತ್ತಡ ಕಡಿಮೆಯಿರುವ ತೋಟಾದಲ್ಲಿ ತೀರ ಗಡಸು ಗುಂಡು ಗೀರುಗಳೊಳಗೆ ಹರಡಿಕೊಳ್ಳದೆ ಅನಿಲ ಸೋರಲು ಸಂದು ಬಿಡುತ್ತದೆ.

ಎರೆಯುವ ಕೆಲಸ

ಕಬ್ಬಿಣ, ಹಿತ್ತಾಳೆ ಅಥವಾ ಅಲ್ಯೂಮಿನಿಯಂನ ಎರಡು ದಿಮ್ಮಿಗಳು ಕೂಡಿ ಅಚ್ಚು. ಮೇಲೊಂದು ತಿರುಗುವ ತಗಡು, ಅದರ ತೂತಿನ ಮೂಲಕ ಸೀಸ ಒಳಗಿಳಿಯುತ್ತದೆ. ಸಾಮಾನ್ಯವಾಗಿ 370ರಿಂದ 400 ಡಿಗ್ರಿಯಲ್ಲಿ ಲೋಹವನ್ನು ಇಟ್ಟುಕೊಳ್ಳುತ್ತಾರೆ. ಮೇಲೆ ಕಟ್ಟುವ ಬೂದು ಕೆನೆಯನ್ನು ಹಾಗೆಯೇ ಎತ್ತಿ ಎಸೆದರೆ ಬೆಲೆಯ ತವರವೂ ಅದರೊಂದಿಗೆ ಹೋಗುತ್ತದೆ. ಅದಕ್ಕೆ ಒಂದು ಚೂರು ಜೇನುಮೇಣ ಇಲ್ಲವೇ ಒಣ ಮರದ ಹೊಟ್ಟು ಹಾಕಿ ಕಲಕುತ್ತಾರೆ. ಅವುಗಳ ಇಂಗಾಲ ತವರದ ಆಕ್ಸೈಡನ್ನು ಮತ್ತೆ ಲೋಹವಾಗಿಸಿ ಕೆಳಗಿಳಿಸುತ್ತದೆ. ಉಳಿದ ಕಸ ಮಾತ್ರ ಮೇಲೆ ನಿಲ್ಲುತ್ತದೆ.

ಎರಕದವನ ಕಣ್ಣು ನೆಟ್ಟಿರುವುದು ತೂತಿನ ಮೇಲೆ ಉಳಿದ ಸೀಸದ ಗುಪ್ಪೆಯ ಮೇಲೆ. ಹೊಯ್ದ ಕೂಡಲೇ ಅದು ಕನ್ನಡಿಯಾಗಿ ಹೊಳೆಯುತ್ತದೆ. ಕೆಲವು ಸೆಕೆಂಡುಗಳಲ್ಲಿ ಅಂಚಿನಿಂದ ಒಳಕ್ಕೆ ಮಸುಕು ಸರಿದು, ಹೊಳಪು ಆರಿ, ಮೇಲ್ಮೈ ಹರಳುಗಟ್ಟುತ್ತದೆ. ಆಗ ನಡುವೆ ಒಂದು ಸಣ್ಣ ಕುಳಿ ಬೀಳುತ್ತದೆ, ಒಳಗಿನ ಲೋಹ ಕುಗ್ಗುತ್ತ ಮೇಲಿನದನ್ನು ಎಳೆದುಕೊಂಡ ಗುರುತು ಅದು. ಅಷ್ಟು ಹೊತ್ತು ಕಾದು ತಗಡನ್ನು ತಿರುಗಿಸಿದರೆ ಬುಡ ನುಣ್ಣಗೆ ಕತ್ತರಿಸಿಕೊಳ್ಳುತ್ತದೆ. ಅವಸರಪಟ್ಟರೆ ಬುಡದಲ್ಲಿ ಸೀಸ ಹಿಸಿದು ಕುಳಿಯಾಗುತ್ತದೆ. ಅಚ್ಚು ತಣ್ಣಗಿದ್ದಾಗ ಬಂದ ಮೊದಲ ಗುಂಡುಗಳ ಮೈಯೆಲ್ಲ ಸುಕ್ಕು. ಅತಿ ಬಿಸಿಯಾದರೆ ಹೊಳಪು ಹೋಗಿ ಇಬ್ಬನಿ ಕೂತ ಬಣ್ಣ ಬರುತ್ತದೆ. ಇಬ್ಬನಿ ಬಣ್ಣದ ಗುಂಡು ಗುರಿಗೆ ಕೆಡುಕಲ್ಲ. ಸುಕ್ಕಿನದನ್ನು, ಬುಡದ ಅಂಚು ದುಂಡಾದದ್ದನ್ನು ಮಾತ್ರ ಮರುಮಾತಿಲ್ಲದೆ ಪಾತ್ರೆಗೆ ಹಾಕಬೇಕು. ಗುಂಡು ನಳಿಗೆಯ ಬಾಯಿ ದಾಟುವಾಗ ಕಡೆಯದಾಗಿ ಬಿಡುವುದು ಬುಡ. ಅದರ ಅಂಚು ಒಂದೆಡೆ ಮುಕ್ಕಾಗಿದ್ದರೆ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆಯಾಗಿ ತಳ್ಳುತ್ತದೆ. ಮೂತಿಯಲ್ಲಿನ ಗಾಯಕ್ಕಿಂತ ಬುಡದ ಗಾಯ ಗುರಿಯನ್ನು ಹೆಚ್ಚು ಕೆಡಿಸುತ್ತದೆ ಎಂಬುದನ್ನು ಫ್ರಾಂಕ್ಲಿನ್ ಮಾನ್ 1909ರಲ್ಲಿ ಪ್ರಕಟಿಸಿದ ತನ್ನ ಪ್ರಯೋಗಗಳ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾನೆ.

ಕರಗಿದ ಸೀಸಕ್ಕೆ ನೀರು ತಾಗಬಾರದು. ಒದ್ದೆ ಗುಜರಿ ಅಥವಾ ಬೆವರಿನ ಹನಿ ಮೇಲ್ಮೈ ಕೆಳಗೆ ಸಿಕ್ಕರೆ ಕ್ಷಣದಲ್ಲಿ ಆವಿಯಾಗಿ ಇಡೀ ಪಾತ್ರೆಯ ಲೋಹವನ್ನು ಮುಖಕ್ಕೆ ಎರಚುತ್ತದೆ.

ಅಳತೆ

ನಳಿಗೆಯಲ್ಲಿ ಸೀಸ ಮೆತ್ತಿಕೊಳ್ಳಲು ಉಜ್ಜಾಟವೇ ಕಾರಣ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ನಿಜವಾದ ದೊಡ್ಡ ಶತ್ರು ಸೋರಿಕೆ. ಗುಂಡು ಗೀರಿನ ತಳಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾದರೂ ಸಾವಿರಾರು ಡಿಗ್ರಿಯ ಅನಿಲ ಆ ಸಂದಿನಲ್ಲಿ ನುಗ್ಗಿ, ಸೀಸದ ಮೈಯನ್ನು ಕತ್ತರಿಸಿ, ಕರಗಿದ್ದನ್ನು ಮುಂದಿನ ಗೋಡೆಗೆ ಚಿಮುಕಿಸುತ್ತದೆ. ಅದರ ಮೇಲೆ ಮುಂದಿನ ಗುಂಡು ಓಡಿ ಅದನ್ನು ಇಸ್ತ್ರಿ ಮಾಡಿ ಅಂಟಿಸುತ್ತದೆ. ಆದ್ದರಿಂದ ಎರಕದ ಗುಂಡು ಗೀರಿನ ತಳದ ವ್ಯಾಸಕ್ಕಿಂತ 0.001ರಿಂದ 0.002 ಇಂಚು ದಪ್ಪವಿರಬೇಕು ಎಂಬುದು ನಿಯಮ. .30 ಅಳತೆಯ ರೈಫಲ್‌ನ ತಳ 0.308 ಇಂಚು, ಅದಕ್ಕೆ ಒಪ್ಪುವ ಎರಕದ ಗುಂಡು 0.309 ಅಥವಾ 0.310. ಕಾರ್ಖಾನೆಯ ಕವಚದ ಗುಂಡು 0.308 ಇರುತ್ತದೆ. ಅದೇ ಅಳತೆಯನ್ನು ಸೀಸಕ್ಕೂ ಹಿಡಿದು ಕೈಸುಟ್ಟುಕೊಂಡವರು ಬಹಳ.

ಹಳೆಯ ಸೈನ್ಯದ ರೈಫಲ್‌ಗಳಲ್ಲಿ ಕಾಗದದ ಮೇಲಿನ ಅಳತೆಯನ್ನು ನಂಬುವಂತಿಲ್ಲ. ಯುದ್ಧಕಾಲದ ಉತ್ಪಾದನೆಯಲ್ಲಿ ಒಂದೇ ಮಾದರಿಯ ನಳಿಗೆಗಳು ಬೇರೆಬೇರೆ ಅಳತೆಗೆ ಬಂದಿವೆ. ಮೆದು ಸೀಸದ ತುಂಡೊಂದನ್ನು ನಳಿಗೆಯೊಳಗೆ ನಿಧಾನವಾಗಿ ದೂಡಿ ಹೊರತೆಗೆದು, ಅದರ ಮೇಲೆ ಬಿದ್ದ ಗುರುತನ್ನು ಮೈಕ್ರೋಮೀಟರಿನಿಂದ ಅಳೆಯುವುದೇ ಭರವಸೆಯ ವಿಧಾನ.

ಮೇಣದ ಗುಂಡು

ಸಾಂಪ್ರದಾಯಿಕ ಎರಕದ ಗುಂಡಿನ ಸುತ್ತ ಆಳವಾದ ಗಾಡಿಗಳಿರುತ್ತವೆ, ಜಿಡ್ಡು ತುಂಬಲು. ಕಪ್ಪು ಮದ್ದಿನ ಕಾಲದಲ್ಲಿ ಜಿಡ್ಡಿನ ಕೆಲಸ ಬೇರೆಯೇ ಇತ್ತು. ಕಪ್ಪು ಮದ್ದು ಉರಿದ ಮೇಲೆ ಅರ್ಧಕ್ಕೂ ಹೆಚ್ಚು ಪಾಲು ಗಟ್ಟಿ ಮಸಿಯಾಗಿ ಉಳಿಯುತ್ತದೆ. ಅದು ಒಣಗಿ ಗಡಸಾಗದಂತೆ ಮೆತ್ತಗೆ ಇಡುವುದೇ ಜಿಡ್ಡಿನ ಮುಖ್ಯ ಹೊಣೆ. ಟ್ಯಾಲೋ ಎಂಬ ಪ್ರಾಣಿಕೊಬ್ಬು ಮತ್ತು ಜೇನುಮೇಣದ ಬೆರಕೆ ಅದಕ್ಕೆ ಚೆನ್ನಾಗಿ ಒದಗಿತು. ಹೊಗೆರಹಿತ ಮದ್ದಿಗೆ ಬೇಕಾದದ್ದು ಬಿಸಿಗೂ ಒತ್ತಡಕ್ಕೂ ತಾಳಿ ಗುಂಡಿನ ಸುತ್ತ ಮುದ್ರೆಯಾಗಿ ನಿಲ್ಲುವ ವಸ್ತು. ಜೇನುಮೇಣವನ್ನೂ ತುಕ್ಕು ತಡೆಯಲು ಕೈಗಾರಿಕೆಯಲ್ಲಿ ಬಳಸುವ ಆಲಾಕ್ಸ್ ಎಂಬ ಪೆಟ್ರೋಲಿಯಂ ಉತ್ಪನ್ನವನ್ನೂ ಸಮಪಾಲು ಬೆರೆಸುವ ಸೂತ್ರ ಅಮೆರಿಕದ ರಾಷ್ಟ್ರೀಯ ರೈಫಲ್ ಸಂಘದ ಪ್ರಯೋಗಗಳಿಂದ ಬಂದು ಮನೆಮಾತಾಯಿತು. ಕಾರ್ನೋಬ ಮೇಣ, ಉಣ್ಣೆಯಿಂದ ತೆಗೆದ ಲ್ಯಾನೋಲಿನ್, ಪ್ಯಾರಫಿನ್ ಸೇರಿಸಿದ ಬಗೆಗಳು ಲೆಕ್ಕವಿಲ್ಲದಷ್ಟಿವೆ. ವಿಸ್ಕಾನ್ಸಿನ್‌ನ ಲೀ ಕಂಪನಿ ದ್ರವ ಆಲಾಕ್ಸನ್ನು ಮಾರಿತು. ಗುಂಡುಗಳನ್ನು ಡಬ್ಬಿಯಲ್ಲಿ ಅದರೊಂದಿಗೆ ಹೊರಳಾಡಿಸಿ ಒಣಗಿಸಿದರೆ ತೆಳು ಪೊರೆ ಕೂರುತ್ತದೆ.

ಮೇಣದ ಹಿರಿಮೆ ಅದರ ಕ್ಷಮಾಗುಣ. ಗುಂಡು ಗಾಡಿಯಲ್ಲಿ ಹೊತ್ತ ಮೇಣ ಒತ್ತಡಕ್ಕೆ ಹೊರಚೆಲ್ಲಿ ಸಣ್ಣ ಸಂದುಗಳನ್ನು ತಾನೇ ತುಂಬುತ್ತದೆ. ನಳಿಗೆಯ ಬಾಯಲ್ಲಿ ಬೂದು ನಕ್ಷತ್ರದಂತೆ ಜಿಡ್ಡಿನ ಗುರುತು ಕಂಡರೆ ಮೇಣ ಕೊನೆಯವರೆಗೂ ಬಂತೆಂದು ಅರ್ಥ. ನಳಿಗೆ ಉದ್ದವಾದಷ್ಟೂ ಇದು ಮುಖ್ಯ: ಬಾಯಿಗೆ ಒಂದು ಗೇಣು ಉಳಿದಿರುವಾಗ ಮೇಣ ತೀರಿದರೆ ಸೀಸ ಅಲ್ಲಿಂದ ಮೆತ್ತತೊಡಗುತ್ತದೆ. ಮೇಣಕ್ಕೆ ಕೊರತೆಗಳೂ ಇವೆ. ತೋಟಾದ ಪೆಟ್ಟಿಗೆ ಬೇಸಿಗೆಯ ಕಾರಿನಲ್ಲಿ ಉಳಿದರೆ ಮೇಣ ಕರಗಿ ಒಳಗಿನ ಮದ್ದಿಗೆ ಇಳಿಯುತ್ತದೆ. ಚಳಿಗೆ ಗಡಸಾಗಿ ಮೊದಲ ಈಡನ್ನು ಬೇರೆಡೆಗೆ ಒಯ್ಯುತ್ತದೆ. ಕೈಗೆ ಅಂಟು, ಗಾಳಿಯಲ್ಲಿ ಹೊಗೆ. ಆದರೂ ಗ್ಯಾಸ್ ಚೆಕ್ ತೊಟ್ಟ, ಮೇಣದ ಗುಂಡು ಸೆಕೆಂಡಿಗೆ 2000 ಅಡಿ, ಅಂದರೆ 600 ಮೀಟರ್ ಸುಮಾರಿನವರೆಗೆ ಉತ್ತಮ ಗುರಿ ಕೊಡುವುದು ಸಿದ್ಧವಾದ ಮಾತು. ಗ್ಯಾಸ್ ಚೆಕ್ ಇಲ್ಲದಿದ್ದರೆ 1400, 1500 ಅಡಿಯ ಆಚೆಗೆ ಕಷ್ಟ ಶುರು.

ಪುಡಿಲೇಪದ ಗುಂಡು

ಬೆಂಗಳೂರಿನ ಪೀಣ್ಯದಲ್ಲಿ ಕಿಟಕಿಯ ಚೌಕಟ್ಟಿಗೋ ಬೀರುವಿಗೋ ಪೌಡರ್ ಕೋಟಿಂಗ್ ಮಾಡುವುದನ್ನು ನೋಡಿದವರಿಗೆ ಇದರ ತತ್ತ್ವ ತಿಳಿದಿರುತ್ತದೆ. ನುಣುಪು ಪ್ಲಾಸ್ಟಿಕ್ ಪುಡಿಯನ್ನು ಸ್ಥಾಯಿ ವಿದ್ಯುತ್ತಿನ ಬಲದಿಂದ ಲೋಹಕ್ಕೆ ಅಂಟಿಸಿ ಒಲೆಯಲ್ಲಿ ಬೇಯಿಸಿದರೆ ಅದು ಕರಗಿ ಹರಡಿ, ಮತ್ತೆ ಕರಗದ ಗಟ್ಟಿ ಪೊರೆಯಾಗುತ್ತದೆ. 1950ರ ದಶಕದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಇದಕ್ಕೆ ಅಡಿಪಾಯ ಹಾಕಿದ. ಗುಂಡಿಗೆ ಪ್ಲಾಸ್ಟಿಕ್ ತೊಡಿಸುವ ಆಲೋಚನೆಯೂ ಹೊಸದಲ್ಲ. 1980ರ ಸುಮಾರಿಗೆ ಸ್ಮಿತ್ ಅಂಡ್ ವೆಸನ್ ಕಂಪನಿ ನೈಕ್ಲ್ಯಾಡ್ ಎಂಬ ನೈಲಾನ್ ಲೇಪದ ಗುಂಡನ್ನು ತಂದಿತ್ತು, ಒಳಾಂಗಣ ಗುರಿಮನೆಗಳ ಗಾಳಿಯಲ್ಲಿ ಸೀಸ ಕಡಿಮೆಯಾಗಲೆಂದು. ಮನೆಯ ಎರಕದವರು ಪಾಲಿಯೆಸ್ಟರ್ ಪುಡಿಗೆ ವ್ಯಾಪಕವಾಗಿ ತಿರುಗಿದ್ದು 2010ರ ನಂತರ. ಆಸ್ಟ್ರೇಲಿಯದಿಂದ ಬಂದ ಹೈ-ಟೆಕ್ ಎಂಬ ದ್ರವ ಲೇಪವೂ ಇದೇ ಕಾಲದಲ್ಲಿ ಹೆಸರಾಯಿತು.

ಸ್ಪ್ರೇ ಗನ್ ಇಲ್ಲದವರು ಸರಳ ಉಪಾಯ ಕಂಡುಕೊಂಡರು. ಒಣ ಹವೆಯಲ್ಲಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಂಡುಗಳನ್ನೂ ಸ್ವಲ್ಪ ಪುಡಿಯನ್ನೂ ಆಟದ ಬಂದೂಕಿನ ಪ್ಲಾಸ್ಟಿಕ್ ಮಣಿಗಳನ್ನೂ ಹಾಕಿ ಅಲುಗಿಸುತ್ತಾರೆ. ಉಜ್ಜಾಟದಿಂದ ಹುಟ್ಟಿದ ವಿದ್ಯುತ್ತಿಗೆ, ಒಣತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಹಾರಿ ಅಂಟುವಂತೆ, ಪುಡಿ ಗುಂಡಿನ ಮೈಗೆಲ್ಲ ಕೂರುತ್ತದೆ. ಸುಮಾರು 200 ಡಿಗ್ರಿಯಲ್ಲಿ 15, 20 ನಿಮಿಷ ಬೇಯಿಸಿದರೆ ಮುಗಿಯಿತು. ಚೆನ್ನಾಗಿ ಬೆಂದ ಗುಂಡನ್ನು ಸುತ್ತಿಗೆಯಿಂದ ಚಪ್ಪಟೆ ಬಡಿದರೂ ಬಣ್ಣ ಲೋಹದೊಂದಿಗೇ ಹಿಗ್ಗುತ್ತದೆ, ಚಕ್ಕೆ ಏಳುವುದಿಲ್ಲ. ಚಕ್ಕೆ ಎದ್ದರೆ ಒಂದೋ ಬೆಂದಿಲ್ಲ, ಇಲ್ಲವೇ ಗುಂಡಿನ ಮೇಲೆ ಬೆರಳಿನ ಜಿಡ್ಡಿತ್ತು.

ಲಾಭಗಳು ಕಣ್ಣಿಗೆ ಕಾಣುವಂಥವು. ಕೈಗೆ ಸೀಸ ಹತ್ತುವುದಿಲ್ಲ, ಹೊಗೆ ಬಹಳ ಕಡಿಮೆ, ತೋಟಾ ತುಂಬುವ ಉಪಕರಣಗಳಲ್ಲಿ ಅಂಟು ಕಟ್ಟುವುದಿಲ್ಲ, ಬೇಸಿಗೆಯಲ್ಲಿ ಕರಗುವುದಿಲ್ಲ. ಮೆದು ಮಿಶ್ರಲೋಹದಲ್ಲೂ ನಳಿಗೆ ಶುಚಿಯಾಗಿ ಉಳಿಯುವುದರಿಂದ ದುಬಾರಿ ತವರ, ಆಂಟಿಮನಿ ಉಳಿತಾಯವಾಗುತ್ತದೆ. ಪಿಸ್ತೂಲಿನ ಮಟ್ಟಿಗೆ ಚರ್ಚೆ ಹೆಚ್ಚುಕಡಿಮೆ ಮುಗಿದಿದೆ, ಪುಡಿಯೇ ಗೆದ್ದಿದೆ.

ರೈಫಲ್‌ನ ಮಾತು ಬೇರೆ. ಹತ್ತು ಇಂಚಿಗೆ ಒಂದು ಸುತ್ತು ತಿರುಗಿಸುವ ನಳಿಗೆಯಿಂದ ಸೆಕೆಂಡಿಗೆ 2000 ಅಡಿ ವೇಗದಲ್ಲಿ ಹೊರಬಿದ್ದ ಗುಂಡು ನಿಮಿಷಕ್ಕೆ 1,44,000 ಸುತ್ತಿನ ಲೆಕ್ಕದಲ್ಲಿ ಗಿರಗಿರನೆ ತಿರುಗುತ್ತಿರುತ್ತದೆ. ಆ ಗತಿಯಲ್ಲಿ ಒಳಗಿನ ಒಂದು ಗಾಳಿಗುಳ್ಳೆಯೋ ಹೊರಗಿನ ಒಂದು ಬಣ್ಣದ ಗಂಟೋ ಗುಂಡನ್ನು ದಾರಿ ತಪ್ಪಿಸಲು ಸಾಕು. ಮಲಗಿಸಿ ಬೇಯಿಸಿದ ಗುಂಡಿನ ಒಂದು ಮಗ್ಗುಲಲ್ಲಿ ಪೊರೆ ದಪ್ಪವಾಗುತ್ತದೆ. ನಿಲ್ಲಿಸಿ ಬೇಯಿಸಿದ ಗುಂಡಿನ ಬುಡದ ಅಂಚಿಗೆ ಕರಗಿದ ಪುಡಿ ಇಳಿದು ಬಾಲ ಕಟ್ಟಬಹುದು. ಆ ಬುಡದ ಮಹತ್ವವನ್ನು ಮೇಲೆ ಹೇಳಿದೆ. ಪೊರೆ ಒಂದೊಂದು ಬದಿಗೆ 0.001 ಇಂಚಿನಷ್ಟು ಕೂತರೂ ವ್ಯಾಸ 0.002 ಹೆಚ್ಚುತ್ತದೆ. ಅಳತೆ ಡೈಯಲ್ಲಿ ತಳ್ಳಿ ಮೈಯನ್ನು ಸರಿಪಡಿಸಬಹುದು. ಮೂತಿ ಮಾತ್ರ ದಪ್ಪವಾಗಿಯೇ ಉಳಿದು, ಕೆಲವು ವಿನ್ಯಾಸಗಳಲ್ಲಿ ನಳಿಗೆಯ ಕೊರಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಲೆಯ ಬಿಸಿ ಇನ್ನೊಂದು ಕೆಲಸ ಮಾಡುತ್ತದೆ. ಅಚ್ಚಿನಿಂದ ನೇರ ನೀರಿಗೆ ಬೀಳಿಸಿ ಗಡಸು ಮಾಡಿದ ಆಂಟಿಮನಿಯುಕ್ತ ಗುಂಡು 200 ಡಿಗ್ರಿಯಲ್ಲಿ ಬೆಂದು ನಿಧಾನವಾಗಿ ಆರಿದರೆ ಆ ಗಡಸನ್ನು ಕಳೆದುಕೊಳ್ಳುತ್ತದೆ. ಒಲೆಯಿಂದ ತೆಗೆದ ಕೂಡಲೇ ಮತ್ತೆ ನೀರಿಗೆ ಹಾಕಿದರೆ ಬಹುಪಾಲು ಮರಳಿ ಬರುತ್ತದೆ. ಲಿನೋಟೈಪ್ ಲೋಹ 240 ಡಿಗ್ರಿಯ ಸುಮಾರಿಗೇ ಕರಗುವುದರಿಂದ, ಅಗ್ಗದ ಒಲೆಯ ಬಿಸಿ ಹದ ಮೀರಿದರೆ ತಟ್ಟೆಯಲ್ಲಿ ಉಳಿಯುವುದು ಬಣ್ಣದ ಚಿಪ್ಪು ಮಾತ್ರ.

ಹಳೆಯ ಸೀಸ ಅಥವಾ ತಾಮ್ರದ ಅಂಟು ಉಳಿದ ನಳಿಗೆಯಲ್ಲಿ ಪುಡಿಲೇಪದ ಗುಂಡು ಹಾರಿಸಿ ಫಲಿತಾಂಶ ಕೆಟ್ಟಿತೆಂದು ದೂರುವವರಿದ್ದಾರೆ. ನಳಿಗೆಯನ್ನು ಲೋಹ ಕಾಣುವವರೆಗೆ ತೊಳೆದು ಆರಂಭಿಸದ ಹೋಲಿಕೆಗೆ ಅರ್ಥವಿಲ್ಲ.

ಯಾವುದು ಮೇಲು

ಎರಡನ್ನೂ ತೂಗಿದರೆ ಹೀಗೆ ಹೇಳಬಹುದು. ನಿಧಾನ ವೇಗದ ಹಳೆಯ ರೈಫಲ್‌ಗಳಲ್ಲಿ, ಉದಾಹರಣೆಗೆ 1873ರ .45-70 ತೋಟಾದ ರೈಫಲ್‌ನಲ್ಲಿ, ಮೇಣದ ಗುಂಡು ಇಂದಿಗೂ ಯಾರಿಗೂ ಕಡಿಮೆಯಿಲ್ಲ. ಕಪ್ಪು ಮದ್ದು ಬಳಸುವುದಾದರೆ ಅದೇ ಬೇಕು, ಏಕೆಂದರೆ ಪ್ಲಾಸ್ಟಿಕ್ ಪೊರೆ ಮಸಿಯನ್ನು ಮೆತ್ತಗಿಡದು. ಬೆಂಚಿನ ಮೇಲೆ ಕೂತು ಒಂದೇ ತೂತಿನಲ್ಲಿ ಐದು ಗುಂಡು ಹೋಗಬೇಕೆಂದು ಹಟ ಹಿಡಿಯುವ ಸ್ಪರ್ಧಿಗೆ ಮೇಣವೇ ಸುರಕ್ಷಿತ ದಾರಿ, ಪೊರೆಯ ದಪ್ಪದ ಚಿಂತೆ ಅದರಲ್ಲಿಲ್ಲ. ನೂರು ಗಜದ ಸಾಮಾನ್ಯ ಅಭ್ಯಾಸಕ್ಕೆ, ಸಂಖ್ಯೆಯಲ್ಲಿ ಹೆಚ್ಚು ಹಾರಿಸುವವರಿಗೆ ಪುಡಿ ಒಳ್ಳೆಯದು. ಇದಕ್ಕೆ ಗುರಿಗಿಂತ ದೊಡ್ಡ ಕಾರಣ ಆರೋಗ್ಯ.

ಸೀಸದ ವಿಷ

400 ಡಿಗ್ರಿಯಲ್ಲಿ ಸೀಸ ಆವಿಯಾಗುವುದು ತೀರ ಅತ್ಯಲ್ಪ. ಅದರ ಕುದಿಬಿಂದು 1749 ಡಿಗ್ರಿ. ಆದರೂ ಎರಕದ ಶೆಡ್ಡು ನಿರಪಾಯವಲ್ಲ. ಅಪಾಯವಿರುವುದು ಕೆನೆಯಿಂದ ಏಳುವ ಆಕ್ಸೈಡಿನ ಧೂಳಿನಲ್ಲಿ, ಅದು ಕೂತ ಬಟ್ಟೆಯಲ್ಲಿ, ತೊಳೆಯದ ಕೈಯಲ್ಲಿ ತಿಂದ ತಿಂಡಿಯಲ್ಲಿ. ಗುರಿಮನೆಯಲ್ಲಿ ಕೇಪಿನೊಳಗಿನ ಸೀಸದ ಸಂಯುಕ್ತ ಪ್ರತಿ ಈಡಿಗೂ ಗಾಳಿ ಸೇರುತ್ತದೆ. ಅದನ್ನು ಪುಡಿಲೇಪ ತಡೆಯಲಾರದು. ಲೇಪದ ಪುಡಿಯೂ ಮುಗ್ಧವಲ್ಲ. ಕೆಲವು ಪಾಲಿಯೆಸ್ಟರ್ ಪುಡಿಗಳಲ್ಲಿರುವ ಟಿಜಿಐಸಿ ಎಂಬ ರಾಸಾಯನಿಕ ಉಸಿರಿಗೂ ಚರ್ಮಕ್ಕೂ ಕೆಡುಕು. ಮುಖಕ್ಕೆ ಮಾಸ್ಕ್ ಬೇಕು.

ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದು ಗೊತ್ತಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ಮರಳಿ ಸರಿಯಾಗುವುದಿಲ್ಲ. ಈ ಅರಿವನ್ನು ಭಾರತದಲ್ಲಿ ಹರಡಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮುಖ್ಯರು. ಸೀಸದ ವಿಷದ ರಾಷ್ಟ್ರೀಯ ಕೇಂದ್ರವೊಂದು ಅಲ್ಲಿ ಅವರ ದುಡಿಮೆಯಿಂದ ನೆಲೆಗೊಂಡಿತು. ಗುಂಡು ಎರೆಯುವ ದೇಶಗಳಲ್ಲಿರುವ ಕನ್ನಡಿಗರು ಈ ಹವ್ಯಾಸಕ್ಕೆ ಇಳಿದರೆ ಒಂದು ಮಾತು ನೆನಪಿಡಬೇಕು: ಒಮ್ಮೆ ಗುಂಡು ಬೇಯಿಸಿದ ಒಲೆ, ಒಮ್ಮೆ ಸೀಸ ಕರಗಿಸಿದ ಪಾತ್ರೆ ಮತ್ತೆಂದೂ ಅಡುಗೆಮನೆಗೆ ಬರಬಾರದು. ಕೆಲಸ ಮಾಡಿದ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳಬಾರದು.

ಹಾನಿ ಮನುಷ್ಯರಿಗಷ್ಟೇ ಅಲ್ಲ. ಸೀಸದ ಚೂರು ಹೊಕ್ಕ ಹೆಣ ತಿಂದು ಸತ್ತ ಕ್ಯಾಲಿಫೋರ್ನಿಯದ ಕಾಂಡೋರ್ ಹದ್ದುಗಳ ಕಾರಣಕ್ಕೆ ಆ ರಾಜ್ಯ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದೆ. ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ಅಮೆರಿಕದಾದ್ಯಂತ 1991ರಿಂದ ಇಲ್ಲ. ಯುರೋಪಿನ ಒಕ್ಕೂಟ 2023ರ ಫೆಬ್ರವರಿಯಿಂದ ಜೌಗು ಪ್ರದೇಶಗಳಲ್ಲಿ ಅದನ್ನು ತಡೆದಿದೆ. ಮೇಣವಾಗಲಿ ಪುಡಿಯಾಗಲಿ ಇಲ್ಲಿ ಪರಿಹಾರವಲ್ಲ, ಪೊರೆಯೊಳಗಿನದು ಸೀಸವೇ.

ಭಾರತದಲ್ಲಿ

ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೇಪಿನ ಕೋವಿ, ಚರೆ, ಈಡು, ತೋಟಾ ಎಂಬ ಮಾತುಗಳು ಮನೆಮನೆಯ ಬಳಕೆಯವು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ಅವರಿಗಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು; ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಮದ್ದುಗುಂಡು ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ನಿನಡಿ ಬೇರೆಯೇ ಪರವಾನಗಿ ಬೇಕು. ಮದ್ದುಗುಂಡಿನ ಬಿಡಿಭಾಗಗಳನ್ನೂ ಅವುಗಳನ್ನು ತಯಾರಿಸುವ ಯಂತ್ರೋಪಕರಣಗಳನ್ನೂ ಕಾಯ್ದೆ ಮದ್ದುಗುಂಡಿನ ವ್ಯಾಖ್ಯೆಯೊಳಗೇ ಸೇರಿಸಿದೆ. ಅನುಮತಿಯಿಲ್ಲದ ತಯಾರಿಕೆ ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ.